ಸಹಿ ಬಿದ್ದ ಮೇಲೆ ಹೆಸರು

ಮಗಳು ನೀಲಿ ಜೆರ್ಸಿಯ ಬೆನ್ನಿನ ಹನ್ನೊಂದು ನಂಬರಿನ ಎರಡನೇ ಒಂದನ್ನು ಮೆಷಿನ್ನಿನ ಸೂಜಿಯ ಕೆಳಗೆ ತಿರುಗಿಸುತ್ತಿದ್ದಾಗ ಬಸ್ ಕಂಡಕ್ಟರ್ ಒಳಗೆ ಬಂದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದರು.

"ಸ್ವಲ್ಪ ಮೆಲ್ಲಗೆ ತುಳಿಯಮ್ಮಾ. ಒಳಗೆ ಜನ ಕೂತಿದ್ದಾರೆ. ಅಪ್ಪ ಅಲ್ಲಿ ಮಲಗಿರುವಾಗ ಮಗಳು ಇಲ್ಲಿ ಬಟ್ಟೆ ಹೊಲೀತಿದ್ಲು ಅಂತ ನಾಳೆ ಊರೆಲ್ಲ ಆಡಿಕೊಳ್ಳುತ್ತೆ."

"ಹೊಲೀಲಿ ಬಿಡಿ," ಎಂದರು ತಾಯಿ, ಪಕ್ಕದ ಕೋಣೆಯಿಂದ. "ಈ ಮನೇಲಿ ಆ ಸದ್ದು ನಿಂತ್ರೇನೇ ನಂಗೆ ಭಯ."

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬಾಗಿಲಿನ ಆಚೆ ಅವಳ ಅಪ್ಪ, ಊರಿಗೆಲ್ಲ ಟೈಲರ್ ಮಾಸ್ಟರ್, ಮಲಗಿದ್ದರು. ವಯಸ್ಸು ಎಪ್ಪತ್ತೊಂದು. ಮೂವತ್ತೆಂಟು ವರ್ಷ ಊರಿನ ಫುಟ್‌ಬಾಲ್ ಕ್ಲಬ್ಬಿನ ನೀಲಿ ಜೆರ್ಸಿಗಳ ಬೆನ್ನಿಗೆ ಹೆಸರು, ನಂಬರು ಹೊಲಿದವರು. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಹನ್ನೊಂದರ ಮೊದಲ ಒಂದನ್ನು ಮುಗಿಸಿ, ದಾರ ಕತ್ತರಿಸಿ, ಕತ್ತರಿಯನ್ನು ಅದರ ಜಾಗದಲ್ಲೇ ಇಟ್ಟು, ಮೆಷಿನ್ನಿನ ಮೇಲೆ ತಲೆಯಿಟ್ಟಿದ್ದರು. ಡಾಕ್ಟರು ಬಂದಾಗ ಮಾಡಲು ಏನೂ ಉಳಿದಿರಲಿಲ್ಲ.

ಹನ್ನೊಂದು ಎಡಗಾಲನ ನಂಬರು. ಎಡಗಾಲಲ್ಲೇ ಆಡುವ ಅವನನ್ನು ಊರು ಕರೆಯುತ್ತಿದ್ದದ್ದೇ ಹಾಗೆ. ಹದಿಮೂರನೇ ವಯಸ್ಸಿನಿಂದ ಈ ಕ್ಲಬ್ಬಿನಲ್ಲೇ ಬೆಳೆದವನು, ಮೂರು ವರ್ಷದ ಹಿಂದೆ ಸೇತುವೆಯಾಚೆಯ ಕೆಂಪು ಜೆರ್ಸಿಯ ಶ್ರೀಮಂತ ಕ್ಲಬ್ಬಿಗೆ ಮಾರಾಟವಾಗಿದ್ದ. ಈಗ ವಾಪಸ್ ಬರುತ್ತಾನೆಂಬ ಸುದ್ದಿ ಎರಡು ವಾರದಿಂದ ಹರಿದಾಡುತ್ತಿತ್ತು. ಆಟಗಾರರನ್ನು ಕೊಳ್ಳುವ ಅವಧಿ ಇಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಎರಡಾದರೂ ಸಹಿ ಬಿದ್ದಿರಲಿಲ್ಲ.

ಕ್ಲಬ್ಬಿನ ಸ್ಟೋರ್‌ಕೀಪರ್ ಹೆಲ್ಮೆಟ್ ಹಿಡಿದುಕೊಂಡೇ ಬಂದ. ಒಳಗೆ ಹೋಗಿ ಮಾಸ್ಟರಿಗೆ ಕೈ ಮುಗಿದು, ಕಣ್ಣೊರೆಸಿಕೊಂಡು, ಅಂಗಡಿಗೆ ವಾಪಸ್ ಬಂದು ಜೆರ್ಸಿಯನ್ನು ನೋಡಿದ.

"ನಂಬರ್ ಆಯ್ತು. ಹೆಸರು?"

"ಸಹಿ ಬಿದ್ದ ಮೇಲೆ."

"ಅಕ್ಕಾ, ಇವತ್ತೂ ಅದೇ ರೂಲ್ಸಾ? ಐದೂಕಾಲಿಗೆ ಫೋಟೋ. ಸ್ಮಶಾನದಿಂದ ಗ್ರೌಂಡಿಗೆ ಇಪ್ಪತ್ತು ನಿಮಿಷ. ನಾಲ್ಕು ಮುಕ್ಕಾಲಿಗೆ ನನ್ನ ಸ್ಕೂಟರ್ ಹೊರಡಲೇಬೇಕು."

"ಆಗದಿದ್ರೆ?"

ಸ್ಟೋರ್‌ಕೀಪರ್ ಹೆಲ್ಮೆಟ್ಟಿನ ಬೆಲ್ಟನ್ನು ಎಳೆದಾಡಿದ. "ಹೆಸರು ಅಚ್ಚು ಹಾಕಿದ ಜೆರ್ಸಿಯೊಂದು ಆಫೀಸಲ್ಲಿ ರೆಡಿ ಇದೆ. ಮುಂದಿನ ಸೀಸನ್ನಿಂದ ಎಲ್ಲಾ ಅಚ್ಚೇ. ಮಾಸ್ಟರಿಗೆ ಹೇಳೋ ಧೈರ್ಯ ನಂಗಿರಲಿಲ್ಲ."

ಹೆಸರಿಲ್ಲದೆ ಹೋದರೆ ಈ ಜೆರ್ಸಿಯನ್ನು ಯಾರೂ ತೊಡುವುದಿಲ್ಲ. ಅಪ್ಪನ ಕೈಯ ಕೊನೆಯ ಹೊಲಿಗೆ ಸ್ಟೋರಿನ ಕಪಾಟು ಸೇರುತ್ತದೆ. ಮಗಳು ಜೆರ್ಸಿಯನ್ನು ಮಡಿಸಿ ಚೀಲಕ್ಕಿಟ್ಟಳು. ಅದರ ಮೇಲೆ ಒಂದು ಕಂದು ಲಕೋಟೆ. ಅದರೊಳಗೆ ಎಡಗಾಲನ ಹೆಸರಿನ, ಬಿಳಿ ಬಟ್ಟೆಯ ಐದು ಅಕ್ಷರಗಳಿದ್ದವು.

"ಸ್ಮಶಾನಕ್ಕೇ ಬಾ," ಎಂದಳು. "ಅಲ್ಲಿ ನೋಡೋಣ."

* * *

ಆ ಅಕ್ಷರಗಳು ಲಕೋಟೆ ಸೇರಿದ್ದು ಮೂರು ವರ್ಷದ ಹಿಂದೆ, ಎಡಗಾಲ ಮಾರಾಟವಾದ ದಿನ. ಅವನ ಎಂಟು ಜೆರ್ಸಿಗಳನ್ನು ಬೇರೆಯವರಿಗೆ ಕೊಡಬೇಕು, ಹೆಸರು ಬಿಚ್ಚಿ ಎಂದು ಕ್ಲಬ್ಬು ಕಳಿಸಿತ್ತು. ಮಾಸ್ಟರ್ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು. ಎದುರಿನ ಬೆಂಚಿನಲ್ಲಿ ಕಂಡಕ್ಟರ್, ಔಷಧಿ ಅಂಗಡಿಯವನು.

"ಹನ್ನೆರಡು ಕೋಟಿಯಂತೆ ಮಾಸ್ಟ್ರೇ!" ಎಂದ ಔಷಧಿ ಅಂಗಡಿಯವನು.

"ಕೊಡ್ಲಿ. ಥಾನುಗಟ್ಟಲೆ ಬಟ್ಟೆ ಕೊಂಡ್ಕೊಂಡು ಕರ್ಚೀಫ್ ಹೊಲಿಸೋ ಜನ ಅವರು. ಎರಡು ವರ್ಷದಲ್ಲಿ ಹದಿನಾಲ್ಕು ಜನರನ್ನ ಕೊಂಡ್ರು. ಒಂಬತ್ತು ಜನ ಬೆಂಚು ಕಾಯ್ತಿದ್ದಾರೆ. ಇವನನ್ನೂ ಬಲಗಡೆ ಆಡಿಸ್ತಾರೆ, ನೋಡ್ತಾ ಇರು. ಎಡದ ತೋಳನ್ನ ಬಲಕ್ಕೆ ಜೋಡಿಸಿದ ಹಾಗೆ. ನೋಡೋಕೆ ತೋಳೇ. ಕೈ ಎತ್ತಿದಾಗ ಗೊತ್ತಾಗುತ್ತೆ."

"ನಮ್ಮ ಕೋಚ್ ಏನಂತಾನೆ?"

"ಅವನಾ? ಡಿಫೆನ್ಸ್ ಹರಿದು ನೇತಾಡ್ತಿದೆ, ಅವನು ಜೇಬಿಗೆ ಗುಂಡಿ ಹಾಕ್ತಾ ಕೂತಿದ್ದಾನೆ. ಹತ್ತು ಮ್ಯಾಚಿನೊಳಗೆ ಅವನನ್ನ ತೆಗೀತಾರೆ, ಬರ್ಕೋ."

ಕೋಚನ್ನು ತೆಗೆದದ್ದು ಹನ್ನೊಂದನೇ ಮ್ಯಾಚಿನ ನಂತರ. ಆ ಒಂದು ಮ್ಯಾಚಿಗಾಗಿ ಮಾಸ್ಟರ್ ಒಂದು ವಾರ ಆಡಳಿತ ಮಂಡಳಿಯನ್ನು ಬೈದರು.

ಬಿಚ್ಚಿದ ಅಕ್ಷರಗಳನ್ನು ಕಸದ ಬುಟ್ಟಿಗೆ ಹಾಕಲು ಮಗಳು ಕೈ ಚಾಚಿದಾಗ ಮಾಸ್ಟರ್ ತಡೆದರು. ಚೆನ್ನಾಗಿದ್ದ ಐದನ್ನು ಆರಿಸಿ, ಇಸ್ತ್ರಿ ಮಾಡಿ, ಲಕೋಟೆಗೆ ಹಾಕಿದರು.

"ಎಸೆಯೋದಕ್ಕೆ ಅವನೇನು ಸತ್ತಿದ್ದಾನಾ? ಸೇತುವೆ ದಾಟಿದ್ದಾನೆ ಅಷ್ಟೆ. ಆಚೆಯಿಂದಲೂ ಬಸ್ ಬರುತ್ತಲ್ಲವಾ ಕಂಡಕ್ಟ್ರೇ?"

"ದಿನಕ್ಕೆ ನಲವತ್ತಾರು ಟ್ರಿಪ್ಪು," ಎಂದಿದ್ದರು ಕಂಡಕ್ಟರ್.

* * *

ಸಾವಿನ ಮನೆಯಲ್ಲಿ ಮೊದಲು ಎಲ್ಲರೂ ಪಿಸುಗುಟ್ಟುತ್ತಿದ್ದರು. ಎರಡೂವರೆಯ ಹೊತ್ತಿಗೆ ಪಿಸುಮಾತು ಮಾತಾಯಿತು. ಮೂರಕ್ಕೆ ಜಗಳದ ದನಿ ಬಂತು.

"ಬರಲ್ಲ ರೀ," ಎಂದ ಔಷಧಿ ಅಂಗಡಿಯವನು. "ಅಷ್ಟು ಸಂಬಳ ಬಿಟ್ಟು ಯಾವ ಮಹಾರಾಯ ಬರ್ತಾನೆ?"

"ಸಂಬಳ ತಗೊಂಡು ಬೆಂಚು ಸವೆಸೋದಾ?" ಕಂಡಕ್ಟರ್ ಕುರ್ಚಿಯ ತುದಿಗೆ ಬಂದಿದ್ದರು. "ಮೂರು ವರ್ಷದಲ್ಲಿ ಪೂರ್ತಿ ತೊಂಬತ್ತು ನಿಮಿಷ ಆಡಿದ್ದು ಎಷ್ಟು ಮ್ಯಾಚು? ಹನ್ನೊಂದು! ಅದೂ ಬಲಗಡೆ!"

ಇಂಥ ಲೆಕ್ಕ ತಪ್ಪಿದಾಗ ತಿದ್ದುತ್ತಿದ್ದವರು ಯಾರೆಂದು ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

"ಹನ್ನೆರಡು," ಎಂದರು ತಾಯಿ, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಕಪ್ ಮ್ಯಾಚ್ ಒಂದು ಬಿಟ್ರಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ತಾಯಿಯೂ. ಆ ನಗುವಿನ ನಡುವೆಯೇ ಹಿಂಬಾಗಿಲಿನಿಂದ ಚಿಕ್ಕಪ್ಪ ಬಂದರು.

ಅವರು ಮಾಸ್ಟರ್ ಅವರ ತಮ್ಮ, ನಿವೃತ್ತ ಪೋಸ್ಟ್‌ಮನ್. ಸೇತುವೆಯಾಚೆಯ ಹೆಣ್ಣನ್ನು ಮದುವೆಯಾಗಿ, ಅಲ್ಲೇ ಮನೆ ಮಾಡಿ, ಅಲ್ಲಿಯ ಕ್ಲಬ್ಬನ್ನೂ ಕಟ್ಟಿಕೊಂಡಿದ್ದರು. ಇಪ್ಪತ್ತೆರಡು ವರ್ಷದಿಂದ ಅಣ್ಣನ ಮನೆಗೆ ಬಂದಾಗಲೆಲ್ಲ ಹಿಂಬಾಗಿಲನ್ನೇ ಬಳಸುತ್ತಿದ್ದರು. ಅಂಗಡಿಗೆ ಕಾಲಿಟ್ಟಿರಲಿಲ್ಲ. ಇವತ್ತು ಬಂದು ಅಣ್ಣನ ಕಾಲ ಬಳಿ ಕುಳಿತರು. ಅವರೆದುರು ಕ್ಲಬ್ಬಿನ ವಿಷಯವನ್ನು ಯಾರೂ ಎತ್ತಲಿಲ್ಲ.

* * *

ಇಪ್ಪತ್ತೆರಡು ವರ್ಷದ ಹಿಂದೆ ನೀಲಿ ಕ್ಲಬ್ಬು ಒಬ್ಬ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ಕೊಳ್ಳಲು ಹೊರಟಿತ್ತು. ಉದ್ದನೆಯ ಮನುಷ್ಯ, ಉದ್ದನೆಯ ಹೆಸರು, ಹನ್ನೊಂದು ಅಕ್ಷರ. ಸಹಿ ಬೀಳಬೇಕಿದ್ದ ದಿನ ಬೆಳಿಗ್ಗೆ ಮಾಸ್ಟರ್ ಅವರ ತಮ್ಮ ಟಪಾಲಿನ ಚೀಲ ಹೊತ್ತು ಓಡುತ್ತ ಅಂಗಡಿಗೆ ಬಂದ.

"ಅಣ್ಣಾ, ಸಹಿ ಆಯ್ತು! ಕ್ಲಬ್ಬಿಗೆ ರಿಜಿಸ್ಟರ್ಡ್ ಲಕೋಟೆ ನಾನೇ ಕೊಟ್ಟು ಬಂದೆ. ಗೋಲಿಯ ಕಡೆಯಿಂದ ಬಂದದ್ದು. ಹೊಲಿ ನೀನು!"

ಮಾಸ್ಟರ್ ಹೊಲಿದರು. ಹನ್ನೊಂದು ಅಕ್ಷರ, ಊಟಕ್ಕೂ ಏಳದೆ. ಮಧ್ಯಾಹ್ನ ಪತ್ರಿಕೆಯವರು ಬಂದು ಜೆರ್ಸಿಯ ಜೊತೆ ಅವರ ಫೋಟೋ ತೆಗೆದರು. ಲಕೋಟೆಯಲ್ಲಿದ್ದದ್ದು ಒಪ್ಪಂದವಲ್ಲ, ಕ್ಷಮೆ ಕೇಳಿ ಬರೆದ ಪತ್ರ. ಸಂಜೆಯೇ ಗೋಲಿ ಸೇತುವೆಯಾಚೆ ಸಹಿ ಹಾಕಿದ. ಮರುದಿನ ಪತ್ರಿಕೆಯಲ್ಲಿ ಎರಡೂ ಫೋಟೋಗಳು ಅಕ್ಕಪಕ್ಕ ಅಚ್ಚಾದವು. ಒಂಬತ್ತು ವರ್ಷ ಆ ಗೋಲಿ ಕೆಂಪು ಕ್ಲಬ್ಬಿನ ಗೋಲು ಕಾಯ್ದ.

"ಬೇಕಂತಲೇ ಮಾಡಿದ. ನನ್ನನ್ನ ಊರ ಮುಂದೆ ಕೋತಿ ಮಾಡಿದ," ಎಂದು ಮಾಸ್ಟರ್ ತಮ್ಮನ ಬಗ್ಗೆ ಹೇಳುತ್ತಿದ್ದರು. ಆ ಜೆರ್ಸಿ ಹೊಲಿಗೆ ಮೆಷಿನ್ನಿನ ಮೇಲಿನ ಹೊದಿಕೆಯಾಯಿತು. ಅಂದಿನಿಂದ ಅಂಗಡಿಯ ನಿಯಮ ಒಂದೇ: ನಂಬರು ಮೊದಲು, ಹೆಸರು ಸಹಿ ಬಿದ್ದ ಮೇಲೆ.

* * *

ಮಣ್ಣು ಮುಗಿದಾಗ ನಾಲ್ಕೂ ಇಪ್ಪತ್ತು. ಸ್ಮಶಾನದ ಗೇಟಿನ ಬಳಿ ಸ್ಟೋರ್‌ಕೀಪರ್ ಒಂದೇ ನಂಬರಿಗೆ ಏಳನೇ ಸಲ ಫೋನ್ ಮಾಡುತ್ತಿದ್ದ.

"ಆಫೀಸಲ್ಲಿ ಒಬ್ರೂ ಎತ್ತುತ್ತಿಲ್ಲ ಅಕ್ಕಾ. ಎಲ್ಲಾ ಒಳಗೆ ಕೂತಿದ್ದಾರೆ."

ಮಗಳು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಜೆರ್ಸಿ ಹರಡಿ, ಅಕ್ಷರಗಳನ್ನು ಸಾಲಾಗಿ ಇಟ್ಟಳು. ಹಳೆಯ ಹೊಲಿಗೆಯ ತೂತುಗಳು ಇನ್ನೂ ಕಾಣುತ್ತಿದ್ದವು. ಕಚ್ಚಾ ಹೊಲಿಗೆ ಹಾಕಿದರೂ ಸಾಕು, ಒಂದು ಫೋಟೋಗೆ ನಿಲ್ಲುತ್ತದೆ. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಉಳಿದಿದ್ದದ್ದು ಇಪ್ಪತ್ತೈದು.

"ಹಾಕಿಬಿಡು," ಎಂದ ಔಷಧಿ ಅಂಗಡಿಯವನು.

"ಬಾಯಿ ಮುಚ್ಚಯ್ಯಾ," ಎಂದರು ಕಂಡಕ್ಟರ್. "ಇವತ್ತು ಹಾಕಿ, ಅವನು ಬರದೇ ಹೋದ್ರೆ? ಮಾಸ್ಟರ್‌ನ ಮಣ್ಣು ಮಾಡಿದ ದಿನವೇ ಇನ್ನೊಂದು ಗೋಲಿ ಕತೆ ಆಗಬೇಕಾ? ಊರು ನಕ್ಕರೆ ಈ ಹುಡುಗಿ ಮುಖ ಎಲ್ಲಿಟ್ಟುಕೊಳ್ಳುತ್ತೆ?"

ಆಗ ಚಿಕ್ಕಪ್ಪ ಗುಂಪಿನ ಹಿಂದಿನಿಂದ ಮುಂದೆ ಬಂದರು. ಕೈಯಲ್ಲಿ ಫೋನಿತ್ತು.

"ಸಹಿ ಆಯ್ತು."

ಸ್ಟೋರ್‌ಕೀಪರ್ ಫೋನನ್ನು ಕಿವಿಯಿಂದ ಇಳಿಸಿದ.

"ನನ್ನ ಅಳಿಯ ನಮ್ಮ ಕ್ಲಬ್ಬಿನ ಡ್ರೈವರ್. ಹುಡುಗನನ್ನ ಎರಡು ಪೆಟ್ಟಿಗೆ ಸಮೇತ ನಿಮ್ಮ ಆಫೀಸಿಗೆ ಕರ್ಕೊಂಡು ಬಂದವನು ಅವನೇ. ನಾಲ್ಕೂ ಹತ್ತಕ್ಕೆ ಸಹಿ ಹಾಕಿದ. ಎಡಗೈಯಲ್ಲಿ. ಅಳಿಯ ಬಾಗಿಲಲ್ಲೇ ನಿಂತು ನೋಡಿದ್ದಾನೆ."

"ಓಹೋ, ಮತ್ತೆ ಬಂತು ಟಪಾಲು!" ಎಂದರು ಕಂಡಕ್ಟರ್.

ಚಿಕ್ಕಪ್ಪ ಅವರನ್ನು ನೋಡಲಿಲ್ಲ. ಅಣ್ಣನ ಮಗಳನ್ನೇ ನೋಡುತ್ತ ಹೇಳಿದರು: "ಆವತ್ತು ನಾನು ಲಕೋಟೆ ನೋಡಿದ್ದೆ ಕಣಮ್ಮಾ, ಸಹಿ ನೋಡಿರಲಿಲ್ಲ. ಅಣ್ಣನಿಗೆ ಖುಷಿ ಸುದ್ದಿ ಎಲ್ಲರಿಗಿಂತ ಮೊದಲು ನಾನೇ ಹೇಳಬೇಕು ಅನ್ನೋ ಆಸೆ. ಅದನ್ನ ಹೇಳೋಕೆ ಎಷ್ಟು ಸಲ ಬಂದೆ. ಅಂಗಡಿಯ ನಡುಬಾಗಿಲಿಗೆ ಬಂದ್ರೆ ಎದ್ದು ಹೋಗ್ತಿದ್ದ. ಮನೇಲಿ ಕೂತ್ರೆ ಹವಾಮಾನ ಮಾತಾಡ್ತಿದ್ದ."

ಮಗಳು ತಾಯಿಯ ಕಡೆ ನೋಡಿದಳು.

"ನಿಮ್ಮಪ್ಪ ನಂಬ್ತಿರಲಿಲ್ಲ," ಎಂದರು ತಾಯಿ. "ಆದ್ರೆ ಈಗ ಸೂಜಿ ಇರೋದು ನಿನ್ನ ಕೈಲಿ."

ನಾಲ್ಕೂ ಇಪ್ಪತ್ತಾರು. ಮಗಳು ಚೀಲದಿಂದ ಅಪ್ಪನ ಸೂಜಿಮೆತ್ತೆ ತೆಗೆದಳು. ಒಂದೇ ಒಂದು ಸೂಜಿಯಲ್ಲಿ ದಾರವಿತ್ತು, ಮಾಸ್ಟರ್ ಪೋಣಿಸಿಟ್ಟದ್ದು, ಕೆಂಪು ದಾರ. ಕಚ್ಚಾ ಹೊಲಿಗೆಗೆ ಅವರು ಕೆಂಪನ್ನೇ ಬಳಸುತ್ತಿದ್ದರು. ಕಿತ್ತು ಬಿಸಾಕಲು ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ ಎನ್ನುತ್ತಿದ್ದರು.

ಅವಳು ಆ ಸೂಜಿಯನ್ನು ಚಿಕ್ಕಪ್ಪನ ಕಡೆ ಹಿಡಿದಳು.

"ಹಾಗಾದ್ರೆ ಮೊದಲ ಅಕ್ಷರ ನೀವೇ ಹಾಕಿ."

"ನಾನಾ? ನನಗೆ ಅಂಗಿ ಗುಂಡಿ ಹಾಕೋಕೂ ಬರಲ್ಲ."

"ನಿಜ ಹೇಳೋರಿಗೆ ಕೈ ನಡುಗಲ್ಲ, ಹಾಕಿ."

ಚಿಕ್ಕಪ್ಪ ಮೊಣಕಾಲೂರಿ, ಕನ್ನಡಕವನ್ನು ಹಣೆಗೇರಿಸಿ, ನೀಲಿ ಬಟ್ಟೆಯೊಳಗೆ ಸೂಜಿ ಇಳಿಸಿಬಿಟ್ಟರು. ಮಗಳು ಬಿಳಿ ದಾರ ಪೋಣಿಸಿಕೊಂಡು ಎರಡನೇ ಅಕ್ಷರಕ್ಕೆ ಬಂದಳು. ತಾಯಿ ಐದನೆಯದನ್ನು ಆ ತುದಿಯಿಂದ ಹಿಡಿದರು. ಕಂಡಕ್ಟರ್ ಸೂಜಿ ಕೇಳಿ ಪಡೆದು, ಎರಡೇ ಹೊಲಿಗೆಗೆ ಬೆರಳು ಚುಚ್ಚಿಕೊಂಡು, "ನಾನು ಟೈಮ್ ನೋಡ್ತೀನಿ" ಎಂದು ಎದ್ದರು.

"ಮೂವತ್ತೈದು! ಕೈ ಓಡಲಿ! ರೀ ಪೋಸ್ಟ್‌ಮನ್ನೇ, ಅಕ್ಷರ ವಾಲಿದೆ ರೀ!"

"ನಿಮ್ಮ ಡಿಫೆನ್ಸಿಗಿಂತ ನೆಟ್ಟಗಿದೆ!"

"ಒಂಬತ್ತು ಜನರನ್ನ ಬೆಂಚಲ್ಲಿ ಕೂರಿಸಿರೋರು ನಮ್ಮ ಡಿಫೆನ್ಸ್ ಮಾತಾಡ್ತಾರೆ!"

"ಎಂಟು. ಒಬ್ಬನನ್ನ ನಿಮಗೇ ಕೊಟ್ವಲ್ಲ!"

ಗುಂಡಿ ತೋಡಿದ ಇಬ್ಬರು ಕೆಲಸಗಾರರೂ ಗುದ್ದಲಿ ಇಟ್ಟು ಬಂದು ನೋಡುತ್ತ ನಿಂತರು. ನಾಲ್ಕೂ ನಲವತ್ತಮೂರಕ್ಕೆ ಮಗಳು ಕೊನೆಯ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಸ್ಟೋರ್‌ಕೀಪರ್ ಜೆರ್ಸಿಯನ್ನು ಎದೆಗೆ ಅವುಚಿಕೊಂಡು ಸ್ಕೂಟರ್ ಹತ್ತಿದ. ಕ್ಲಬ್ಬಿನಿಂದ ಇನ್ನೂ ಯಾರೂ ಫೋನ್ ಎತ್ತಿರಲಿಲ್ಲ.

ಮನೆಗೆ ಹೋಗೋಣ ಎಂದು ಒಬ್ಬರೂ ಹೇಳಲಿಲ್ಲ. ಚಿಕ್ಕಪ್ಪ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದರು. ಐದು ಗಂಟೆಯಾಯಿತು. ಐದೂ ಹತ್ತಾಯಿತು. ಅವರು ಎರಡು ಸಲ ಅಳಿಯನಿಗೆ ಫೋನ್ ಮಾಡಲು ಹೊರಟು, ಎರಡು ಸಲವೂ ಕೈ ಇಳಿಸಿದರು.

ಐದೂ ಹದಿನೇಳಕ್ಕೆ ಕಂಡಕ್ಟರ್ ತಮ್ಮ ಫೋನನ್ನು ಎತ್ತಿ ಹಿಡಿದರು. ಎಲ್ಲರ ತಲೆಗಳೂ ಅದರ ಸುತ್ತ ಕೂಡಿದವು. ಪರದೆಯ ಮೇಲೆ, ನೇರಪ್ರಸಾರದಲ್ಲಿ, ಎಡಗಾಲ ನಿಂತಿದ್ದ. ನೀಲಿ ಜೆರ್ಸಿ. ಫೋಟೋದವರು ಏನೋ ಕೂಗಿದರು. ಅವನು ನಗುತ್ತ ಬೆನ್ನು ತಿರುಗಿಸಿದ.

ಔಷಧಿ ಅಂಗಡಿಯವನು ಸ್ಮಶಾನವೆಂಬುದನ್ನೂ ಮರೆತು ಕೂಗಿಬಿಟ್ಟ. ಕಂಡಕ್ಟರ್ ಇನ್ನೊಂದು ಕೈಯಿಂದ ಚಿಕ್ಕಪ್ಪನ ಕತ್ತನ್ನು ಬಳಸಿ ಎಳೆದುಕೊಂಡರು. ತಾಯಿ ಪರದೆಯ ಮೇಲಿದ್ದ, ಮಾಸ್ಟರ್ ಹೊಲಿದ ಮೊದಲ ಒಂದನ್ನು ಬೆರಳಿಟ್ಟು ಮಗಳಿಗೆ ತೋರಿಸಿದರು. ಅದರ ಮೇಲೆ ಐದು ಅಕ್ಷರ, ಮೊದಲನೆಯದು ಎಡಕ್ಕೆ ವಾಲಿತ್ತು. ಅದರ ಬುಡದಿಂದ ಅಂಗುಲದುದ್ದದ ಕೆಂಪು ದಾರವೊಂದು ನೀಲಿಯ ಮೇಲೆ ಜೋತು ಬಿದ್ದು, ಎಡಗಾಲ ನಕ್ಕಾಗಲೆಲ್ಲ ಅಲುಗುತ್ತಿತ್ತು.

ಚಿಕ್ಕಪ್ಪ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿಕೊಂಡು, ಫೋನಿನ ಹತ್ತಿರಕ್ಕೆ ಬಾಗಿ, ಗಾಜಿನ ಮೇಲಿಂದ ಆ ದಾರವನ್ನು ಉಗುರಿನಿಂದ ಹೆಕ್ಕಲು ನೋಡಿದರು.