ಹೆಬ್ಬೆರಳಿನ ತೂಕ

ಕೊನೆಯ ಅಂಕೆ ಮೂರು, ಅಲ್ಲ ನಾಲ್ಕು, ಮತ್ತೆ ಮೂರು, ರೆಪ್ಪೆ ಬಡಿದ ಹಾಗೆ ಬಡಿಯುತ್ತಿದೆ, ಕೂತ್ಕೊಳ್ಳೇ ತಾಯಿ ಒಂದು ಕಡೆ ಅಂತ ಮನಸ್ಸಿನಲ್ಲೇ ಗದರಿಸುತ್ತೇನೆ, ಬಾಯಿಬಿಟ್ಟು ಗದರಿಸುವ ಹಾಗಿಲ್ಲ, ಈ ಕೋಣೆಯಲ್ಲಿ ಬಾಯಿಬಿಟ್ಟರೆ ಉಸಿರು, ಉಸಿರು ಅಂದರೆ ಬಿಸಿ, ಬಿಸಿ ತಾಗಿದರೆ ತಕ್ಕಡಿ ಹಸುಗೂಸಿನ ಹಾಗೆ ಬೆಚ್ಚುತ್ತದೆ — ಹತ್ತೊಂಬತ್ತು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಉಸಿರು ಬಿಗಿಹಿಡೀರಿ, ತಕ್ಕಡಿ ಕಡೆ ಉಸಿರು ಬಿಡಬೇಡಿ, ವಿದ್ಯಾರ್ಥಿಗಳು ನನಗೆ ಉಸಿರು ಮೇಡಂ ಅಂತಲೇ ಹೆಸರಿಟ್ಟಿದ್ದಾರೆ, ಬಾಗಿಲಾಚೆ ಒಬ್ಬ ಉಸಿರು ಮೇಡಂ ಬಂದ್ರು ಕಣೋ ಅಂತಾನೆ, ಇನ್ನೊಬ್ಬ ಹಾಗಾದ್ರೆ ಸಂಜೆವರೆಗೂ ಸತ್ತಂಗಿರು ಅಂತಾನೆ, ಕೇಳಿಸಿಯೂ ಕೇಳಿಸದವಳ ಹಾಗೆ ಒಳಗೆ ಬಂದು ಒಬ್ಬಳೇ ನಗುತ್ತಿದ್ದೆ, ಇವತ್ತು ನಗು ಎಲ್ಲಿ, ಇವತ್ತು ನನ್ನ ಉಸಿರೇ ನನ್ನ ಮಾತು ಕೇಳುತ್ತಿಲ್ಲ. ಬೆನ್ನ ಹಿಂದೆ ಸ್ಟೂಲಿನ ಮೇಲೆ ಪರೀಕ್ಷಕಿ, ಹೊರದೇಶದಾಕೆ, ನರೆತ ಕೂದಲು ಕಿವಿವರೆಗೆ ಕತ್ತರಿಸಿದೆ, ಬಂದಾಗಿನಿಂದ ಒಂದು ಸಲವೂ ನಕ್ಕಿಲ್ಲ, ಗಾಜಿನ ಗೋಡೆಯಾಚೆ ಈ ಪ್ರಯೋಗಾಲಯದ ಮುಖ್ಯಸ್ಥರು, ನಮ್ಮ ಮೇಷ್ಟ್ರು, ಕೈ ಹಿಂದಕ್ಕೆ ಕಟ್ಟಿ ನಿಂತಿದ್ದಾರೆ, ಪಕ್ಕದಲ್ಲಿ ಕುಲಪತಿಗಳು ಟೈ ಸರಿಮಾಡಿಕೊಳ್ಳುತ್ತಿದ್ದಾರೆ, ತಕ್ಕಡಿಯ ಪೆಟ್ಟಿಗೆಯೊಳಗೆ ಎರಡು ತೂಕದ ಬಟ್ಟು, ಎರಡೂ ಒಂದೊಂದು ಕಿಲೋ, ಎರಡೂ ಕನ್ನಡಿಯಂಥ ಉಕ್ಕು, ಒಂದನ್ನು ಆಕೆ ಮರದ ಪೆಟ್ಟಿಗೆಯಲ್ಲಿಟ್ಟು ವಿಮಾನಪ್ರಯಾಣದುದ್ದಕ್ಕೂ ತೊಡೆಯ ಮೇಲೇ ಕೂರಿಸಿಕೊಂಡು ಬಂದದ್ದು, ಇನ್ನೊಂದು ನಮ್ಮದು, ನಮ್ಮದು ಅಂದರೆ ದೇಶದ್ದು, ದಿನಸಿ ಅಂಗಡಿಯ ತಕ್ಕಡಿಯಿಂದ ಔಷಧದ ಕಾರ್ಖಾನೆಯ ತಕ್ಕಡಿವರೆಗೆ ಇಲ್ಲಿನ ಸಮಸ್ತ ಬಟ್ಟುಗಳ ಮುತ್ತಜ್ಜಿ, ಯಂತ್ರ ಒಮ್ಮೆ ಇದನ್ನು ಒಮ್ಮೆ ಅದನ್ನು ಎತ್ತಿ ತೂಗುತ್ತಿದೆ, ಆಕೆಯ ಬಟ್ಟಿಗೆ ನಾವು ಹೇಳುವ ತೂಕ, ಆಕೆಯ ಮೊಹರು ಹಾಕಿದ ಲಕೋಟೆಯೊಳಗಿನ ತೂಕ, ಎರಡೂ ಹೊಂದಿದರೆ ಇವತ್ತಿನಿಂದ ನಮ್ಮ ವಿಶ್ವವಿದ್ಯಾಲಯದ ಮುದ್ರೆಯನ್ನು ಜಗತ್ತೆಲ್ಲ ಒಪ್ಪುತ್ತದೆ. ನಾಲ್ಕು. ಮೂರು. ನಮ್ಮ ಬಟ್ಟಿನ ಎಡಗಡೆ, ಕತ್ತಿನ ಕೆಳಗೆ, ಅಲ್ಲಿ ನೋಡಬಾರದು, ಅಲ್ಲೇನೂ ಇಲ್ಲ, ಒರೆಸಿದ್ದೇನೆ, ಎರಡು ಸಲ ಒರೆಸಿದ್ದೇನೆ.

ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು, ಅವಳ ಹಿಂದೆ ಕಾರ್ಖಾನೆಯಲ್ಲಿ ಒಂದೇ ಒಂದು ಲೇತು ಯಂತ್ರದ ಸದ್ದು, ಮೊದಲಾಗಿದ್ದರೆ ಐದರ ಸದ್ದಿನಲ್ಲಿ ಅವಳ ಮಾತೇ ಕೇಳುತ್ತಿರಲಿಲ್ಲ, ಏನೇ, ಊಟ ತಿಂಡಿ ಬಿಟ್ಟು ಕೂತಿದೀಯಾ, ತಿಂದು ಹೋಗು, ಹೊಟ್ಟೆ ಗುಡುಗಿದರೂ ನಿನ್ನ ತಕ್ಕಡಿ ಕುಣಿಯುತ್ತೆ, ಅಂತ ನಕ್ಕಳು, ಆಮೇಲೆ ನಗು ನಿಲ್ಲಿಸಿ, ಇವತ್ತು ಆಗುತ್ತಲ್ವೇನೇ, ಅಂದಳು. ಅಪ್ಪನ ಕಾಲದ ಕಾರ್ಖಾನೆ ಅವಳದು, ತೂಕದ ಬಟ್ಟು ಮಾಡುವ ಕಾರ್ಖಾನೆ, ಶಾಲೆಯ ಪ್ರಯೋಗಾಲಯಕ್ಕೆ, ಔಷಧದ ಅಂಗಡಿಗೆ, ಒಂದು ಗ್ರಾಮಿನಿಂದ ಕಿಲೋವರೆಗೆ ಸಾಲಾಗಿ ಡಬ್ಬಿಯಲ್ಲಿ ಕೂತು ಹೋಗುವಂಥವು, ನಮ್ಮ ಬಟ್ಟು ಅವರ ಬಟ್ಟಿಗಿಂತ ಯಾವುದರಲ್ಲಿ ಕಮ್ಮಿ ಹೇಳು ಅಂತ ಹೋದ ವರ್ಷ ಮನೆಗೆ ಬಂದು ಚೀಲದಿಂದ ತೆಗೆದು ಮೇಜಿನ ಮೇಲೆ ಕುಕ್ಕಿದ್ದಳು, ಯಾವುದರಲ್ಲೂ ಕಮ್ಮಿ ಇಲ್ಲ ಅಕ್ಕ ಅಂದೆ, ಮತ್ತೆ ಯಾಕೆ ಇವು ಹಡಗು ಹತ್ತಿ ಹೋಗಿ ಪರದೇಶದ ಮುದ್ರೆ ಒತ್ತಿಸಿಕೊಂಡು ಬರಬೇಕು, ಹೋಗಿ ಬರೋಕೆ ನಾಲ್ಕು ತಿಂಗಳು, ಅಷ್ಟರಲ್ಲಿ ಪಕ್ಕದ ದೇಶದೋನು ತನ್ನ ಯೂನಿವರ್ಸಿಟಿಯಿಂದಲೇ ಮುದ್ರೆ ಹಾಕಿಸಿ ಮೂರು ವಾರಕ್ಕೆ ಮಾಲು ಕಳಿಸಿರ್ತಾನೆ, ನಿಂದೂ ಒಂದು ಯೂನಿವರ್ಸಿಟಿ ಇದೆಯಲ್ಲ, ಅಷ್ಟು ದೊಡ್ಡ ಕಟ್ಟಡ, ಇಷ್ಟು ವರ್ಷ ಅದೇನು ಕಡಿದು ಕಟ್ಟೆ ಹಾಕ್ತಿದೆ? ಈಗ ಮೂರು ಸಾವಿರ ಡಬ್ಬಿಗಳಿಗೆ ಒಬ್ಬ ಹೊರದೇಶದ ಗಿರಾಕಿ ಈ ವಾರದ ಕೊನೆವರೆಗೆ ಕಾಯುತ್ತೇನೆ ಅಂದಿದ್ದಾನಂತೆ, ನಿಮ್ಮಲ್ಲೇ ಮುದ್ರೆ ಸಿಗುವುದಾದರೆ ನಿಮಗೇ, ಇಲ್ಲದಿದ್ದರೆ ಪಕ್ಕದವರಿಗೆ, ಅಕ್ಕ ನಾಲ್ಕು ಲೇತುಗಳ ಮೇಲಿನ ಟಾರ್ಪಾಲು ಆಗಲೇ ತೆಗೆಸಿದ್ದಾಳೆ, ಎಣ್ಣೆ ಬಿಡಿಸಿದ್ದಾಳೆ, ಬಿಟ್ಟುಹೋದ ಕೆಲಸಗಾರರಿಗೆ ಹೇಳಿಯೂ ಕಳಿಸಿದ್ದಾಳೆ, ಅಕ್ಕ ಹಾಗೇ, ಕೂಸು ಹುಟ್ಟುವ ಮೊದಲೇ ತೊಟ್ಟಿಲು ಕಟ್ಟುವವಳು. ಹೊರಗಿನ ಬ್ಯಾನರಿನಲ್ಲಿ ಜಾಗತಿಕ ಸ್ಪರ್ಧಾತ್ಮಕತೆಯತ್ತ ನಮ್ಮ ರಾಷ್ಟ್ರೀಯ ವಿಶ್ವವಿದ್ಯಾಲಯ ಅಂತ ಬರೆಸಿದ್ದಾರೆ, ಸ್ಪರ್ಧಾತ್ಮಕತೆ ಕುಲಪತಿಗಳಿಗೆ ಬಹಳ ಇಷ್ಟವಾದ ಪದ, ಮೇಷ್ಟ್ರು ನಿನ್ನೆ ಅದನ್ನು ಓದಿ, ಇಷ್ಟು ಉದ್ದದ ಮಾತನ್ನ ಹೇಳಿ ಮುಗಿಸೋದರೊಳಗೆ ಎದುರಾಳಿ ಗೆದ್ದುಬಿಟ್ಟಿರ್ತಾನೆ ಕಣಮ್ಮ, ಅಂದರು, ಅವರಿಗೆ ಆ ಪದ ಅಂದರೆ ಬ್ಯಾನರ್ ಅಲ್ಲ, ಅಕ್ಕನ ನಾಲ್ಕು ಲೇತು, ಹನ್ನೊಂದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಈ ಕೋಣೆ ಕಟ್ಟಿಸಿದವರು, ಗೋಡೆಗೆ ಗೋಡೆ, ನೆಲದಡಿಗೆ ಇನ್ನೊಂದು ನೆಲ, ರಸ್ತೆಯಲ್ಲಿ ಲಾರಿ ಹೋದರೂ ತಿಳಿಯಬಾರದು ಅಂತ, ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಮೂರು. ಮೂರು. ಮೂರರಲ್ಲೇ ನಿಂತಿತು, ಬರೆದುಕೊಳ್ಳುತ್ತೇನೆ, ಪೆನ್ನು ಹಿಡಿದ ಹೆಬ್ಬೆರಳು ಕಾಣುತ್ತದೆ, ಮಡಚಿಕೊಳ್ಳುತ್ತೇನೆ.

ಮೂರು ವಾರದ ಹಿಂದೆ ಕುಲಪತಿಗಳು ಅತಿಥಿಗಳನ್ನು ಕರೆದುಕೊಂಡು ಬಂದದ್ದು, ಇದೇ ನೋಡಿ ನಮ್ಮ ದೇಶದ ಒಂದು ಕಿಲೋ, ಅಂದರು, ಒಂದು ಫೋಟೋ ತೆಗೆಯೋಣ, ಏನಮ್ಮಾ, ನಾನು ಎತ್ತಿಕೊಳ್ಳಲಾ? ಬೇಡ ಸಾರ್ ಅನ್ನಬೇಕಿತ್ತು, ಆ ಎರಡು ಪದ ನನ್ನ ಬಾಯಿಂದ ಹೊರಡಲಿಲ್ಲ, ಕೈಗವಸು ಹಾಕ್ಕೊಳ್ಳಿ ಸಾರ್ ಅಂದೆ, ಇನ್ನೊಂದು ಜೊತೆ ಬೀರುವಿನಲ್ಲಿತ್ತು, ಅತಿಥಿಗಳನ್ನು ಕಾಯಿಸುವುದೇ ಅಂತ ನನ್ನದನ್ನೇ ಬಿಚ್ಚಿ ಕೊಟ್ಟೆ, ಚಿಕ್ಕ ಕೈಗವಸು, ಅವರ ದೊಡ್ಡ ಕೈ, ಬೆರಳು ಅರ್ಧಕ್ಕೇ ನಿಂತವು, ಗಾಜಿನ ಮುಚ್ಚಳ ತೆಗೆದರು, ಬಟ್ಟಿನ ಕತ್ತು ಹಿಡಿದು ಎತ್ತಿದರು, ಕ್ಯಾಮೆರಾ ಕಡೆ ತಿರುಗಿದರು, ಜಾರಿತು — ಬಟ್ಟೆಯೊಳಗೆ ಉಕ್ಕು ಸರಕ್ಕನೆ ಜಾರಿತು, ನಾನು ಹಿಡಿದೆ. ಬರಿಗೈ. ಹತ್ತೊಂಬತ್ತು ವರ್ಷ ಇಕ್ಕಳದಿಂದಲ್ಲದೆ ಮುಟ್ಟದವಳು ಅಂಗೈ ತುಂಬಾ ಹಿಡಿದೆ, ಎಷ್ಟು ತಣ್ಣಗಿತ್ತು, ಎಷ್ಟು ನುಣುಪಾಗಿತ್ತು, ನಾಚಿಕೆಯಾಗುತ್ತದೆ ಹೇಳಲು, ಒಂದು ಕ್ಷಣ ಸುಖವಾಯಿತು. ಶಹಭಾಸ್ ಅಂದರು ಕುಲಪತಿಗಳು, ಎಲ್ಲರೂ ನಕ್ಕರು, ಬಿದ್ದಿದ್ದರೆ ದೇಶದ ತೂಕವೇ ಕಮ್ಮಿಯಾಗ್ತಿತ್ತು ಅಂತ ಯಾರೋ ಅಂದರು, ಎಲ್ಲ ಹೋದ ಮೇಲೆ ನೋಡಿದರೆ ಕತ್ತಿನ ಕೆಳಗೆ ನನ್ನ ಹೆಬ್ಬೆರಳು, ಸುಳಿ ಸುಳಿ, ಸುಳಿಯ ನಡುವೆ ಅಡ್ಡ ಗೀರು. ಏಳನೆಯ ವಯಸ್ಸಿನಲ್ಲಿ ಅಪ್ಪನ ಲೇತು ಕೊಯ್ದದ್ದು ಆ ಗೀರು. ಬೆರಳ ಗುರುತು ಅಂದರೆ ಎಣ್ಣೆ, ಬೆವರು, ಉಪ್ಪು, ಅದಕ್ಕೂ ಒಂದು ತೂಕ, ಬೇರೆಲ್ಲೂ ಲೆಕ್ಕಕ್ಕಿಲ್ಲ, ಇಲ್ಲಿ ಲೆಕ್ಕಕ್ಕಿದೆ, ಒರೆಸಿದರೆ ಹೋಗಬಹುದು, ಒರೆಸುವಾಗ ಉಕ್ಕೂ ಸವೆದಿರಬಹುದು, ಅದಕ್ಕೇ ನಿಯಮ, ಮುಟ್ಟಿದರೆ ರಿಜಿಸ್ಟರಿನಲ್ಲಿ ಬರೆಯಬೇಕು, ಬರೆದರೆ ಬಟ್ಟು ಮತ್ತೆ ಪರದೇಶಕ್ಕೆ ಹೋಗಿ ತೂಗಿಸಿಕೊಂಡು ಬರಬೇಕು, ಎಂಟು ತಿಂಗಳು, ಪರೀಕ್ಷಕರು ಮುಂದಿನ ವರ್ಷ, ಅಕ್ಕನ ಗಿರಾಕಿ ಪಕ್ಕದ ದೇಶಕ್ಕೆ, ಲೇತಿನ ಮೇಲೆ ಮತ್ತೆ ಟಾರ್ಪಾಲು. ಸ್ಪಿರಿಟ್ ಹಾಕಿ ಒರೆಸಿದೆ. ಬರೆಯಲಿಲ್ಲ. ಮೇಷ್ಟ್ರು ಊರಲ್ಲಿರಲಿಲ್ಲ, ಬಂದ ಮೇಲೆ ಏನಮ್ಮ ಎಲ್ಲ ಕ್ಷೇಮವಾ ಅಂದರು, ಕ್ಷೇಮ ಸಾರ್, ಅಂದೆ. ಅವರೇ ಒಮ್ಮೆ ಪಕ್ಕದ ದೇಶದ ಪ್ರಯೋಗಾಲಯಕ್ಕೆ ಹೋಗಿ ಬಂದು ಹೇಳಿದ್ದು, ಅವರ ತಕ್ಕಡಿಯೂ ನಮ್ಮಂಥದ್ದೇ ಕಣಮ್ಮ, ಅದೇ ಕಂಪನಿ, ನಮ್ಮದಕ್ಕಿಂತ ಹಳೇದು, ರಿಜಿಸ್ಟರು ಮಾತ್ರ ಬೇರೆ, ಇವತ್ತು ಬಟ್ಟು ಕೈಜಾರಿತು, ತಪ್ಪು ನನ್ನದು ಅಂತ ಬರೆದು ಸಹಿ ಹಾಕಿದಾರೆ, ಒಬ್ಬಿಬ್ಬರಲ್ಲ, ಪುಟಪುಟಕ್ಕೂ, ಜಗತ್ತು ಅವರನ್ನ ನಂಬೋದು ತಕ್ಕಡಿ ನೋಡಿ ಅಲ್ಲ — ಆಗ ನಾನು ಹೂಂ ಸಾರ್ ಅಂದು ನಮ್ಮ ರಿಜಿಸ್ಟರನ್ನು ಹೆಮ್ಮೆಯಿಂದ ಒರೆಸಿ ಇಟ್ಟಿದ್ದೆ, ನಮ್ಮದರಲ್ಲಿ ಒಂದೂ ತಪ್ಪಿಲ್ಲ ಅಂತ.

ಪರೀಕ್ಷಕಿ ಎದ್ದಳು, ಸ್ಟೂಲು ಕಿರುಗುಟ್ಟಿತು, ಮೇಷ್ಟ್ರನ್ನು ಒಳಕ್ಕೆ ಕರೆದಳು, ಆಕೆಯ ಭಾಷೆ ನನಗೆ ಅರೆಬರೆ, ಮೇಷ್ಟ್ರೇ ನಡುವೆ ನಿಂತು ಹೇಳಬೇಕು, ಲಕೋಟೆಯ ಮೊಹರು ಒಡೆದಳು, ನನ್ನ ಅಂಕೆಯ ಪಕ್ಕ ತನ್ನ ಅಂಕೆ ಇಟ್ಟಳು, ಕನ್ನಡಕ ಏರಿಸಿ ನೋಡಿದಳು, ಹೊಂದುತ್ತದೆ, ದೇವರೇ ಹೊಂದುತ್ತದೆ, ಕೊನೆಯ ಅಂಕೆಯಲ್ಲಿ ಎರಡರ ವ್ಯತ್ಯಾಸ, ಐದರವರೆಗೆ ಒಪ್ಪುತ್ತಾರೆ, ಮೇಷ್ಟ್ರ ಕಣ್ಣಲ್ಲಿ ನೀರು, ಗಾಜಿನಾಚೆ ಕುಲಪತಿಗಳು ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸುತ್ತಿದ್ದಾರೆ, ಮುಗಿಯಿತಲ್ಲ, ಸಹಿ ಹಾಕು ತಾಯಿ, ಹಾಕಿ ಹೊರಡು, ಆಕೆ ಪೆನ್ನು ತೆಗೆಯಲಿಲ್ಲ, ರಿಜಿಸ್ಟರು ತೆಗೆದಳು. ಹಾಳೆ, ಹಾಳೆ, ನನ್ನದೇ ಗುಂಡು ಅಕ್ಷರ, ಹತ್ತೊಂಬತ್ತು ವರ್ಷ. ಆಕೆ ಏನೋ ಕೇಳಿದಳು, ಮೇಷ್ಟ್ರು ಹೇಳಿದರು, ಇಷ್ಟು ವರ್ಷದಲ್ಲಿ ಒಂದೂ ತಪ್ಪಾಗಿಲ್ವಾ ಅಂತ ಕೇಳ್ತಿದಾರೆ, ಆಕೆ ಮತ್ತೇನೋ ಕೇಳಿದಳು, ಹೋದ ಸಲ ಇದು ಪರದೇಶಕ್ಕೆ ಹೋಗಿ ಬಂದ ಮೇಲೆ ಯಾರಾದರೂ ಬರಿಗೈಲಿ ಮುಟ್ಟಿದ್ದಾರಾ ಅಂತ ಕೇಳ್ತಿದಾರೆ, ಹೇಳಮ್ಮ, ಇಲ್ಲ ಅನ್ನು, ಇದೊಂದು ವಾಡಿಕೆ ಪ್ರಶ್ನೆ ಅಷ್ಟೆ — ಇಲ್ಲ ನಾಲಿಗೆಯ ತುದಿಯಲ್ಲೇ ಕೂತಿದೆ, ಅಂದುಬಿಟ್ಟರಾಯಿತು, ಅಂಕೆ ಹೊಂದಿದೆ, ಯಾರಿಗೂ ನಷ್ಟವಿಲ್ಲ, ಐದು ಲೇತು ಒಟ್ಟಿಗೆ ತಿರುಗುತ್ತವೆ, ಅಕ್ಕನ ಮಾತು ನನಗೆ ಕೇಳಿಸುವುದೇ ಇಲ್ಲ, ಆದರೆ ಎರಡರ ವ್ಯತ್ಯಾಸ ಯಾತರದು, ಗಾಳಿಯದೋ, ಯಂತ್ರದ್ದೋ, ನನ್ನದೋ, ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದರ ಮೇಲೆ ಮುದ್ರೆ, ಆ ಮುದ್ರೆ ಅಕ್ಕನ ಮೂರು ಸಾವಿರ ಡಬ್ಬಿಯ ಮೇಲೆ, ಯಾವುದೋ ಊರಿನ ಔಷಧದ ಅಂಗಡಿಯ ತಕ್ಕಡಿಯ ಮೇಲೆ, ಎಲ್ಲದರ ಅಡಿಯಲ್ಲೂ ಅಡ್ಡ ಗೀರಿನ ಈ ಬೆರಳು, ಅಪ್ಪ ಹೊಳಪು ಕೊಟ್ಟ ಬಟ್ಟನ್ನು ಬಾಯಿಯ ಹತ್ತಿರ ಹಿಡಿದು ಹಾ ಅಂತ ಉಸಿರು ಬಿಡುತ್ತಿದ್ದ, ಒರೆಸಿದ ಬೆರಳ ಗುರುತೂ ಆ ಮಂಜಿನಲ್ಲಿ ಎದ್ದು ಬರುತ್ತಿತ್ತು, ಯಾರು ಮುಟ್ಟಿದ್ದು ಹೇಳಿ ಅನ್ನುತ್ತಿದ್ದ, ಅಕ್ಕ ನಾನಲ್ಲ ಅಂದರೆ ನಡೆಯುತ್ತಿತ್ತು, ನನಗೆ ನಡೆಯುತ್ತಿರಲಿಲ್ಲ, ನಿನ್ನ ಬೆರಳೇ ಚಾಡಿ ಹೇಳುತ್ತೆ ಕಣೇ ಅಂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅಕ್ಕ, ಈಗ ನಗಬೇಡ — ಹೇಳಮ್ಮ, ಮೇಷ್ಟ್ರ ದನಿ ಸಣ್ಣಗಾಗಿದೆ, ಇಕ್ಕಳ ಕೈಗೆ ತೆಗೆದುಕೊಳ್ಳುತ್ತೇನೆ, ಪೆಟ್ಟಿಗೆಯ ಬಾಗಿಲು ತೆಗೆಯುತ್ತೇನೆ, ನಮ್ಮ ಬಟ್ಟನ್ನು ಮೆಲ್ಲಗೆ ಎತ್ತಿ ದೀಪದ ಕೆಳಗಿನ ಬಿಳಿ ಬಟ್ಟೆಯ ಮೇಲಿಡುತ್ತೇನೆ, ಎಡಗಡೆಯನ್ನು ಅವರ ಕಡೆ ತಿರುಗಿಸುತ್ತೇನೆ, ಗಾಜಿನಾಚೆ ಕುಲಪತಿಗಳ ಹೆಬ್ಬೆರಳು ಇನ್ನೂ ಎತ್ತಿದಂತೇ ಇದೆ, ಬಾಗುತ್ತೇನೆ, ಹತ್ತೊಂಬತ್ತು ವರ್ಷ ಬಿಗಿಹಿಡಿದದ್ದು, ಹಾ — ಉಕ್ಕಿನ ಮೇಲೆ ಮಂಜು, ಮೊದಲು ಬರೀ ಮಂಜು, ಏನೂ ಇಲ್ಲ, ಏನೂ ಇಲ್ಲವೇ, ಆಮೇಲೆ ಅದರೊಳಗಿಂದ ಒಂದು ಸುಳಿ, ಸುಳಿಯ ಸುತ್ತ ಸುಳಿ, ನಡುವೆ ಅಡ್ಡ ಗೀರು, ಸುಳಿ, ಅಡ್ಡ ಗೀರು, ಅಡ್ಡ ಗೀರು