ಸೀಟಿ ಗೂಬೆಯ ಸಾಲು

"ಮಾವ, ತಲೆ ಮೇಲೇ ಕೂತಿದೆ!"

ಸೊಸೆ ಪಿಸುಗುಟ್ಟಿ ನಾಲಿಗೆ ಕಚ್ಚಿಕೊಂಡಳು. ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ. ಒಂದೊಂದು ಜಾಗದಲ್ಲೂ ಹತ್ತು ನಿಮಿಷ ಉಸಿರೆತ್ತದೆ ನಿಲ್ಲಬೇಕು, ಕೆಮ್ಮು ಬಂದರೂ ನುಂಗಬೇಕು ಎಂಬುದು ಮಾವನ ಕಟ್ಟಪ್ಪಣೆ. ಮೂವತ್ತು ಚಳಿಗಾಲಗಳಿಂದ ಅವರು ಈ ಕಾಡಿನ ಗೂಬೆಗಳನ್ನು ಕೂಗಿನಿಂದಲೇ ಗುರುತಿಸಿ ಅರಣ್ಯ ಕಚೇರಿಗೆ ಪಟ್ಟಿ ಕೊಡುತ್ತ ಬಂದವರು. ಯಾವ ಶಾಲೆಯಲ್ಲೂ ಪಾಠ ಮಾಡದಿದ್ದರೂ ಕಚೇರಿಯವರ ಬಾಯಲ್ಲಿ ಗೂಬೆ ಮೇಷ್ಟ್ರು. ಮಂಡಿನೋವು ಶುರುವಾದ ಮೇಲೆ ಟಾರ್ಚು, ಫ್ಲಾಸ್ಕು ಹಿಡಿದು ಸೊಸೆ ಜೊತೆಗೆ ಬರುತ್ತಿದ್ದಳು.

ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಎಲೆಯುದುರಿದ ಮರಗಳ ಹಿಂದೆ ಆಕಾಶ ಇನ್ನೂ ಬೂದಿ ಬಣ್ಣಕ್ಕಿತ್ತು. ಹಳ್ಳದ ಕಡೆಯಿಂದ ಕೊಂಬಿನ ಗೂಬೆ ಎರಡು ಸಲ ಗುಮ್ಮೆಂದಿತ್ತು. ಅದನ್ನು ಬರೆದುಕೊಂಡಾಗಿತ್ತು. ಅದು ಬಿಟ್ಟರೆ ಗಾಳಿ.

"ಯಾವುದು?" ಎಂದರು ಮೇಷ್ಟ್ರು.

"ಅದೇ, ಸೀಟಿ ಹೊಡಿಯೋದು. ಕೇಳ್ತಿಲ್ವಾ? ಈಗ... ಮತ್ತೆ ನೋಡಿ."

ಮೇಷ್ಟ್ರು ಕತ್ತೆತ್ತಿದರು. ಬೋಳು ಕೊಂಬೆಯ ಮೇಲೆ ಮುಷ್ಟಿಯಷ್ಟು ದಪ್ಪದ ಕಪ್ಪು ಗಂಟು. ಅದರ ಗಂಟಲು ಉಬ್ಬುತ್ತಿತ್ತು, ತಗ್ಗುತ್ತಿತ್ತು. ಸದ್ದಿರಲಿಲ್ಲ.

"ಹೇಗೆ ಕೂಗ್ತಿದೆ, ಮಾಡಿ ತೋರಿಸು."

ಅವಳು ತುಟಿ ಚೂಪು ಮಾಡಿ ತೆಳ್ಳಗೆ ಊದಿದಳು. ಅದೂ ಅವರಿಗೆ ಬರೀ ಉಸಿರಾಗಿ ಕೇಳಿತು.

"ಈ ವರ್ಷ ಬಂದಿದ್ದಾ ಇದು?"

"ಏನ್ ಮಾವ, ಪ್ರತಿ ವರ್ಷ ಇರುತ್ತಲ್ಲ! ಹೋದ ಸಲ ಇಳಿಜಾರಲ್ಲಿ ಮೂರು ಕೂಗ್ತಿದ್ವು. ನೀವು ಬರ್ಕೊಂಡಿರ್ತೀರಿ ಅಂದ್ಕೊಂಡೆ. ಮನೇಲಿ ವಟಗುಟ್ಟೋದು ಸಾಲ್ದಾ, ಇಲ್ಲಾದ್ರೂ ಬಾಯಿಗೆ ಬೀಗ ಹಾಕು ಅಂದೋರು ಯಾರು?"

ಮೇಷ್ಟ್ರು ಬರೆದುಕೊಂಡಿರಲಿಲ್ಲ. ಮೂರು ವರ್ಷದಿಂದ ಸೀಟಿ ಗೂಬೆಯ ಸಾಲಿನಲ್ಲಿ ಸೊನ್ನೆ ಹಾಕುತ್ತಿದ್ದರು. ಆ ಸಂತತಿ ಮುಗಿಯಿತಲ್ಲ ಎಂದು ಒಂದೆರಡು ದಿನ ಊಟ ಸೇರದೆ ಇದ್ದದ್ದೂ ಉಂಟು. ಕಾನೂನಿನ ಪ್ರಕಾರ ಆ ಹಕ್ಕಿ ಇರುವ ತನಕ ಕಾಡಿಗೆ ಕೊಡಲಿ ಹಾಕುವಂತಿರಲಿಲ್ಲ. ಇನ್ನೊಬ್ಬರನ್ನು ಕಳಿಸಿ ನೋಡೋಣವೇ ಎಂದು ಹೊಸ ಅಧಿಕಾರಿ ಕೇಳಿದಾಗ, "ಮೇಷ್ಟ್ರ ಕಿವಿ ಮೇಲೆ ಅನುಮಾನವಾ ಸ್ವಾಮಿ?" ಎಂದು ಉಳಿದವರು ನಕ್ಕಿದ್ದರು. ಅಲ್ಲೇ ಕುಳಿತಿದ್ದ ಮೇಷ್ಟ್ರಿಗೆ ಒಳಗೊಳಗೇ ಹಿತವಾಗಿತ್ತು. ಹೋದ ವರ್ಷದ ಪಟ್ಟಿ ಕೈಸೇರಿದ ಮೇಲೆ ಕಚೇರಿಯವರು ಮರ ಕಡಿಸಿ ಇಳಿಜಾರನ್ನು ಪೂರ್ತಿ ಬೋಳಿಸಿದ್ದರು. ಈ ವರ್ಷದ್ದು ನಾಳೆ ಹೋಗಬೇಕು. ಅವರು ಒರಗಿ ನಿಂತಿದ್ದ ಮರದ ಸೊಂಟಕ್ಕೂ ಆಗಲೇ ಕಡಿಯುವ ಗುರುತಿನ ಕೆಂಪು ಬಣ್ಣ ಬಳಿದಾಗಿತ್ತು.

ಸೊಸೆ ಟಾರ್ಚಿನ ಬೆಳಕನ್ನು ಅವರ ಪಟ್ಟಿಯ ಮೇಲೆ ಬಿಟ್ಟಳು. ಸೀಟಿ ಗೂಬೆಯ ಸಾಲಿನಲ್ಲಿ, ಹಿಂದಿನ ವರ್ಷಗಳ ಸೊನ್ನೆಗಳ ಮೇಲೆ ಬೆಳಕು ಸ್ವಲ್ಪ ಹೊತ್ತು ನಿಂತಿತು.

"ನಿಮಗೆ ಕೇಳ್ಸೋದೇ ಇಲ್ವಾ ಮಾವ?"

ಅವರು ಜೇಬಿನಿಂದ ಪೆನ್ಸಿಲ್ ತೆಗೆದರು.

"ಒಂದು ಅಂತ ಬರ್ಕೊಳ್ಳಿ," ಎಂದಳು ಮೆಲ್ಲಗೆ. "ಇದೆಯಲ್ಲ, ಸುಳ್ಳೇನಲ್ವಲ್ಲ. ನಾನು ಬಾಯಿ ಬಿಡಲ್ಲ. ನಿಮ್ಮ ಮಗನಿಗೂ ಹೇಳಲ್ಲ."

ಹಾಗೆ ಬರೆದರೆ ಈ ಕಾಡೂ ಉಳಿಯುತ್ತಿತ್ತು, ಮೂವತ್ತು ವರ್ಷದ ಹೆಸರೂ ಉಳಿಯುತ್ತಿತ್ತು. ಹೋಗಿದ್ದ ಹಕ್ಕಿ ಮೇಷ್ಟ್ರ ಕಿವಿಗೆ ಮತ್ತೆ ಬಿತ್ತು ಎಂದು ಕಚೇರಿಯಲ್ಲಿ ಕೈಕುಲುಕುತ್ತಿದ್ದರು. ಪೆನ್ಸಿಲ್ ಸಾಲಿನ ತನಕ ಹೋಗಿ ನಿಂತಿತು.

"ಆ ಮೂರು?"

"ಯಾವ ಮೂರು?"

"ಇಳಿಜಾರಿನವು."

ಸೊಸೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಳು.

ಮೇಷ್ಟ್ರು ಸಾಲಿನಲ್ಲಿ ಒಂದು ಎಂದು ಬರೆದು, 'ಕೇಳಿದವರು' ಎಂಬಲ್ಲಿದ್ದ ತಮ್ಮ ಹೆಸರಿಗೆ ಅಡ್ಡಗೆರೆ ಎಳೆದು ಅವಳ ಹೆಸರು ಬರೆದರು. ಕೆಳಗೆ ಜಾಗವಿರಲಿಲ್ಲ, ಹಾಳೆ ತಿರುಗಿಸಿ, ಮೂರು ವರ್ಷದಿಂದ ಈ ಕೂಗು ನನಗೆ ಕೇಳಿಸುತ್ತಿಲ್ಲ, ಆ ಸೊನ್ನೆಗಳನ್ನು ನಂಬಬೇಡಿ ಎಂದು ಬರೆದರು. ಚಳಿಗೆ ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಯಿತು. ಓದಲು ಬರುತ್ತದೆಯೇ ಎಂದು ಸೊಸೆಗೆ ತೋರಿಸಿದರು. ಅವಳು ತಲೆಯಾಡಿಸಿದಳು.

"ಇನ್ನೂ ಒಂದು ಜಾಗ ಬಾಕಿ ಇದೆ," ಎಂದು ಅವರು ಮುಂದೆ ನಡೆದರು. "ಕೂಗಿದಾಗೆಲ್ಲ ಬೆರಳೆತ್ತು."

"ಈಗಲೂ ಮಾತಾಡಬಾರದಾ?"

"ಈಗಲೂ."

ಹಳ್ಳದ ದಂಡೆಯಲ್ಲಿ ನಿಂತು ಅವಳು ಬಲಗೈಯ ಉಣ್ಣೆಗವಸು ತೆಗೆದಳು. ಮೇಷ್ಟ್ರು ಮರಗಳತ್ತ ನೋಡಲಿಲ್ಲ. ನಸುಗತ್ತಲೆಯಲ್ಲಿ ಆ ಬರಿಗೈಯನ್ನೇ ನೋಡುತ್ತ ನಿಂತರು. ಬಹಳ ಹೊತ್ತು ಅದು ಅಲುಗಲಿಲ್ಲ. ಆಮೇಲೆ ಅವಳ ಮುಖ ಎಡಕ್ಕೆ ತಿರುಗಿತು. ಒಂದು ಬೆರಳು ಮೆಲ್ಲಗೆ ಮೇಲೆದ್ದಿತು.