ಖಾಲಿ ಬಿಟ್ಟ ಹೊಲ

ಕೆರೆಯೊಂದರ ಪಕ್ಕದಲ್ಲಿ ಕೋಳಿಗಳ ಊರಿತ್ತು. ಅಲ್ಲಿ ಹುಟ್ಟಿದ ಪ್ರತಿ ಮರಿಯೂ ಮೊದಲು ಕಲಿಯುತ್ತಿದ್ದದ್ದು ತಲೆ ತಗ್ಗಿಸುವುದನ್ನು. ನೆಲದ ಮೇಲೆ ನೆರಳು ಹಾದರೆ ಅದು ಹದ್ದಿನದೋ ಮೋಡದ್ದೋ ಎಂದು ಯಾರೂ ನೋಡುತ್ತಿರಲಿಲ್ಲ; ಎಲ್ಲವೂ ಬೇಲಿಯ ಸಂದಿಗೆ ನುಗ್ಗುತ್ತಿದ್ದವು.

ಆ ಊರನ್ನು ಕಾಯುತ್ತಿದ್ದವು ಎದುರು ಗುಡ್ಡದ ಕಾಜಾಣಗಳು. ಮೈ ಕಪ್ಪು, ಬಾಲ ಸೀಳು, ಗಾತ್ರ ಒಂದು ಹಿಡಿ. ಆದರೆ ಹದ್ದು ಕಂಡರೆ ಅದರ ಬೆನ್ನ ಮೇಲೇ ಎರಗಿ, ಕುಕ್ಕಿ ಕುಕ್ಕಿ ಊರಾಚೆ ಅಟ್ಟುತ್ತಿದ್ದವು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಅವು ಊರವರ ಮುಂದೆ ತಮ್ಮ ಹಾರಾಟವನ್ನು ತೋರಿಸುತ್ತಿದ್ದವು. ಅಂದು ಮಾತ್ರ ಕೋಳಿಗಳು ಕತ್ತೆತ್ತಿ ಆಕಾಶ ನೋಡುತ್ತಿದ್ದವು. ಆಮೇಲೆ ಎಷ್ಟೋ ದಿನ ಅವುಗಳ ನಡಿಗೆಯೇ ಬೇರೆಯಾಗಿರುತ್ತಿತ್ತು.

ಕಾಜಾಣಗಳ ಮುಖ್ಯಸ್ಥೆ ಕಾಳವ್ವ. ಹಾರಾಟದ ದಿನ ಅವಳದೊಂದು ಕಟ್ಟುನಿಟ್ಟಿತ್ತು. ನೋಡುವವರು ಕೆರೆ ಏರಿಯ ಮೇಲೆ ಕೂರಬೇಕು. ಹಾರುವವರು ಏರಿಯ ಮುಂದಿನ ಹುರುಳಿ ಹೊಲದ ಮೇಲಷ್ಟೇ ಹಾರಬೇಕು, ಕೂತವರ ತಲೆಯ ಮೇಲೆ ಬರಕೂಡದು. ಹೊಲದೊಳಗೆ ಯಾರೂ ಇರಕೂಡದು.

ಆ ವರ್ಷ ಪಕ್ಕದೂರುಗಳಿಂದಲೂ ನೆಂಟರು ಬಂದಿದ್ದರು. ಊರ ಯಜಮಾನ ಹುಂಜ ಕಾಳವ್ವನ ಬಳಿಗೆ ಬಂದ.

"ಕಾಳವ್ವ, ಏರಿಯ ಮೇಲೆ ಕಾಲಿಡಲು ಜಾಗವಿಲ್ಲ. ಹೊಲ ನೋಡಿದರೆ ಬಣಬಣ ಅನ್ನುತ್ತಿದೆ. ನೆಂಟರನ್ನಾದರೂ ಅಲ್ಲಿ ಕೂರಿಸೋಣ."

"ಬೇಡಿ, ಯಜಮಾನರೇ."

"ಹತ್ತಿರದಿಂದ ನೋಡಿದರಲ್ಲವೇ ಎದೆ ನಡುಗುವುದು?"

"ನಡುಗಿಸಲು ಹದ್ದು ಸಾಕು. ನಾವು ಹಾರುವುದು ಅದಕ್ಕಲ್ಲ" ಎಂದಳು ಕಾಳವ್ವ.

ಸಾಕಮ್ಮ ಎಂಬ ಹೇಂಟೆ ಹೊಸ ಮರಿಗಳನ್ನು ಕಟ್ಟಿಕೊಂಡು ಬಂದಿದ್ದಳು. ಹೊಲದಲ್ಲಿ ಉದುರಿದ ಹುರುಳಿ ಕಾಣುತ್ತಿತ್ತು; ಮರಿಗಳು ಹಸಿದಿದ್ದವು. "ಇವರ ದೊಡ್ಡಸ್ತಿಕೆಗೆ ಒಂದು ಹೊಲ ಪೂರ್ತಿ ಬೇಕೇನು?" ಎಂದು ಗೊಣಗುತ್ತಲೇ ಅವಳು ಮರಿಗಳನ್ನು ಏರಿಯ ಮೇಲೆ ಕೂರಿಸಿದಳು.

ಹಾರಾಟ ಶುರುವಾಯಿತು. ಕಾಜಾಣಗಳು ಬಾಣದ ಮೊನೆಯಂತೆ ಬಂದವು, ಹೂವಿನಂತೆ ಬಿಚ್ಚಿಕೊಂಡವು, ಮತ್ತೆ ಒಂದಾದವು. ಕೊನೆಗೆ ತಂಡದಲ್ಲೆಲ್ಲ ಚುರುಕಾದ ಬೀರ ಒಬ್ಬನೇ ಮೇಲೇರಿ, ಚುಕ್ಕೆಯಾಗಿ, ಅಲ್ಲಿಂದ ಕವಣೆ ಕಲ್ಲಿನಂತೆ ಕೆಳಗಿಳಿದ. ಸಾಕಮ್ಮನ ಮರಿಗಳು ಬಾಯಿ ತೆರೆದು ನೋಡುತ್ತಿದ್ದವು.

ನಡುದಾರಿಯಲ್ಲಿ ಅವನ ಎಡರೆಕ್ಕೆ ಮುರಿಯಿತು.

ಏರಿಯ ಹಿಂದೆ ಕೆರೆಯಿತ್ತು. ಒಳ್ಳೆಯ ರೆಕ್ಕೆಯನ್ನು ಬಿಚ್ಚಿ ಅತ್ತ ವಾಲಿದ್ದರೆ ಅವನು ನೀರಿಗೆ ಬಿದ್ದು ಬದುಕಬಹುದಿತ್ತು. ಆದರೆ ಮರಿಗಳ ತಲೆಯ ಮೇಲೆ ಹಾದುಹೋಗಬೇಕಿತ್ತು, ಅಷ್ಟು ದೂರ ಆ ರೆಕ್ಕೆ ತಾಳುತ್ತದೆಂಬ ನೆಚ್ಚಿಕೆಯಿರಲಿಲ್ಲ. ಬೀರ ಒಮ್ಮೆ ಏರಿಯತ್ತ ನೋಡಿದ. ಆಮೇಲೆ ಒಳ್ಳೆಯ ರೆಕ್ಕೆಯನ್ನೂ ಮಡಿಚಿಕೊಂಡ. ನೇರವಾಗಿ ಹೊಲದ ನಡುವೆ ಬಿದ್ದ.

ಕಾಳವ್ವ ಅವನ ಪಕ್ಕದಲ್ಲಿ ಇಳಿದಳು. ಉಸಿರಿರಲಿಲ್ಲ. ಅವಳು ಅವನ ಗರಿಗಳನ್ನು ಕೊಕ್ಕಿನಿಂದ ಒಂದೊಂದಾಗಿ ಸರಿಮಾಡಿದಳು. ಏರಿಯ ಮೇಲೆ ಒಂದು ಮರಿಗೂ ತರಚಿರಲಿಲ್ಲ.

ಮರುದಿನ ಊರ ಸಭೆ ಸೇರಿತು; ಕಾಳವ್ವನೂ ಬಂದಿದ್ದಳು. "ಇನ್ನು ಈ ಆಟ ಸಾಕು. ಹದ್ದು ಬಂದಾಗ ಓಡಿಸಲಿ, ಅಷ್ಟೇ. ನಮ್ಮ ಮುಂದೆ ಕುಣಿದು ಸಾಯುವುದೇಕೆ?" ಎಂದ ಯಜಮಾನ.

ಸಾಕಮ್ಮ ಎದ್ದು ನಿಂತಳು. ಅಲ್ಲಿಯವರೆಗೆ ಅವಳು ಸಭೆಯಲ್ಲಿ ಮಾತಾಡಿದ್ದೇ ಇರಲಿಲ್ಲ.

"ಇವತ್ತು ಬೆಳಿಗ್ಗೆ ಅಂಗಳದಲ್ಲಿ ನೆರಳು ಹಾಯಿತು, ಯಜಮಾನರೇ. ನಾನು ಬೇಲಿಗೆ ಓಡಿದೆ. ನನ್ನ ಮರಿಗಳು ಓಡಲಿಲ್ಲ. ನಿಂತು ಮೇಲೆ ನೋಡಿದವು. 'ಅಮ್ಮಾ, ಅದು ಮೋಡ' ಅಂದವು. ಇದನ್ನು ನಾನು ಕಲಿಸಿದ್ದಲ್ಲ. ಹಾರಾಟ ನಿಲ್ಲಿಸಬೇಡಿ."

ಯಜಮಾನ ಕಾಳವ್ವನ ಕಡೆ ತಿರುಗಿದ. "ನೀವೇನು ಹೇಳುತ್ತೀರಿ?"

"ಬೀರ ನನ್ನ ತಂಗಿಯ ಮಗ" ಎಂದಳು ಕಾಳವ್ವ. "ಅವನು ಬೀಳಲು ಜಾಗವಿತ್ತು. ಮುಂದೆಯೂ ಇರುವುದಾದರೆ ನಾವು ಬರುತ್ತೇವೆ."

"ಇರುತ್ತದೆ" ಎಂದಿತು ಇಡೀ ಸಭೆ.

ಆ ವರ್ಷ ಊರಿನ ಬಾಯಲ್ಲೆಲ್ಲ ಬೀರನ ಹೆಸರೇ. ಹುಟ್ಟಿದ ಮರಿಗಳಿಗೆ ಅವನ ಹೆಸರಿಟ್ಟರು. ಎಲ್ಲಿಗೆ ಹೋದರೂ ಕೋಳಿಗಳು "ನಾವು ಬೀರನ ಊರಿನವರು" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದವು. ಅವನಿಗೊಂದು ಗುರುತು ಬೇಡವೇ ಎಂಬ ಮಾತು ಬಂತು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವನು ಬಿದ್ದಲ್ಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೊದಲು ಒಂದು ಕಲ್ಲು ನೆಟ್ಟರು. ಕಲ್ಲಿಗೆ ಕಟ್ಟೆ, ಕಟ್ಟೆಗೆ ಚಪ್ಪರ, ಚಪ್ಪರದ ಸುತ್ತ ಮೆಟ್ಟಿಲು ಬಂದವು. ಮೊದಲ ಕಲ್ಲನ್ನು ಉರುಳಿಸಿಕೊಂಡು ಬಂದವಳು ಸಾಕಮ್ಮ. ಖಾಲಿ ಬಿಡಬೇಕಾದ ಹೊಲ ಅದೇ ಎಂಬುದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ. ಅವಳ ಕಣ್ಣಿಗೆ ಅದು ಬೀರನ ಜಾಗ.

ಸುಗ್ಗಿ ಕಳೆದು ಹಾರಾಟದ ದಿನ ಬಂತು. ಕಾಜಾಣಗಳು ಗುಡ್ಡದಿಂದ ಬಾಣದ ಮೊನೆಯಂತೆ ಹೊರಟವು. ಊರು ಹತ್ತಿರವಾದಾಗ ಕಾಳವ್ವ ಕೆಳಗೆ ನೋಡಿದಳು. ಏರಿ ಖಾಲಿಯಿತ್ತು. ಹೊಲದ ತುಂಬ ಕೋಳಿಗಳು. ಬೀರನ ಕಲ್ಲಿಗೆ ಹೂಮಾಲೆ ಹಾಕಿತ್ತು. ಅದರ ಸುತ್ತಲಿನ ಮೆಟ್ಟಿಲುಗಳ ಮೇಲೆ, ಎಲ್ಲರಿಗಿಂತ ಮುಂದೆ, ಆ ವರ್ಷದ ಮರಿಗಳು ಕೂತಿದ್ದವು.

ಅವಳು ಕೂಗಿದಳು. ಕೆಳಗಿನ ಜೈಕಾರದಲ್ಲಿ ಆ ದನಿ ಯಾರಿಗೂ ಕೇಳಲಿಲ್ಲ.

"ಅಕ್ಕಾ, ಏನು ಮಾಡೋಣ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ತಿರುಗಿ."

ಹೊಲದ ಅಂಚಿನಲ್ಲಿ, ಒಂದು ಗರಿಯ ಅಂತರವೂ ಕೆಡದಂತೆ, ಇಡೀ ತಂಡ ಒಂದೇ ರೆಕ್ಕೆಯಂತೆ ವಾಲಿ ತಿರುಗಿತು. ಬಿಸಿಲು ಆ ಕಪ್ಪು ಬೆನ್ನುಗಳ ಮೇಲೆ ಒಮ್ಮೆ ಮಿಂಚಿತು. ಕಾಜಾಣಗಳು ಗುಡ್ಡವನ್ನೂ ದಾಟಿ ಕಣ್ಮರೆಯಾದವು.

ಹೊಲ ಮೈಮರೆತು ಕೇಕೆ ಹಾಕಿತು. "ಇಂಥ ತಿರುವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ" ಎಂದು ಯಜಮಾನ ನೆಂಟರಿಗೆ ಹೇಳಿದ. ಮುಂದಿನದಕ್ಕಾಗಿ ಎಲ್ಲರೂ ಕತ್ತೆತ್ತಿ ಕಾದರು.

ಸಾಕಮ್ಮ ಕಣ್ಣೊರೆಸಿಕೊಂಡು ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇದನ್ನು ನೋಡಿದ್ದರೆ ಬೀರ ಎಷ್ಟು ಹೆಮ್ಮೆಪಡುತ್ತಿದ್ದನೋ" ಎಂದಳು.